ಪೆಂಡುಲಮ್‌ನಲ್ಲಿ 9.77 ಬಂತು, ಅಳಿಸಿ 9.8 ಬರೆದೆ: ಬಿಎಸ್ಸಿ ಫಿಸಿಕ್ಸ್ ಬಿಟ್ಟುಬಿಡಲಾ?

ಪ್ರಶ್ನೆ: ನಾನು ಅರಸೀಕೆರೆ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಫಿಸಿಕ್ಸ್‌ನಲ್ಲಿ 88 ಬಂದಿತ್ತು. ಚಂದ್ರಯಾನ-3 ಇಳಿದಿದ್ದನ್ನು ಟಿವಿಯಲ್ಲಿ ನೋಡಿದ ದಿನದಿಂದ ಇಸ್ರೋ ಸೇರಬೇಕು ಅಂತ ಆಸೆ. ಸಿಇಟಿ ರ‍್ಯಾಂಕ್‌ಗೆ ಒಳ್ಳೆ ಎಂಜಿನಿಯರಿಂಗ್ ಕಾಲೇಜ್ ಸಿಗಲಿಲ್ಲ, ಬೆಂಗಳೂರಿನಲ್ಲಿ ಬಿಎಸ್ಸಿ ಫಿಸಿಕ್ಸ್-ಮ್ಯಾಥ್ಸ್ ಸೇರಿದೆ. ವಿಜಯನಗರದಲ್ಲಿ ಪಿಜಿಯಲ್ಲಿದ್ದೇನೆ. ಮೊದಲ ಸೆಮಿಸ್ಟರ್ ರಿಸಲ್ಟ್ ಬಂದಿದೆ. ಫಿಸಿಕ್ಸ್ ಅಂಚಿನಲ್ಲಿ ಪಾಸ್, ಮ್ಯಾಥ್ಸ್ ಬ್ಯಾಕ್‌ಲಾಗ್. ಬೋರ್ಡ್ ಮೇಲೆ ಡೆರಿವೇಷನ್ ಓಡುತ್ತಲೇ ಇರುತ್ತದೆ, ಬರೆದುಕೊಳ್ಳುತ್ತೇನೆ, ತಲೆಗೆ ಹೋಗುವುದಿಲ್ಲ. ಲ್ಯಾಬ್‌ನಲ್ಲೂ ನನ್ನದೇ ತಪ್ಪು ಬರುತ್ತದೆ. ಪೆಂಡುಲಮ್‌ನಲ್ಲಿ ನನಗೆ 9.77 ಬಂತು, ಪಕ್ಕದವರಿಗೆಲ್ಲ 9.8. ನಾನೂ ಅಳಿಸಿ 9.8 ಬರೆದೆ. ಮಾವ ಸಾಫ್ಟ್‌ವೇರ್‌ನಲ್ಲಿದ್ದಾರೆ, ಈಗಲೇ ಬಿಟ್ಟು ಬಿಸಿಎ ಸೇರು ಅನ್ನುತ್ತಾರೆ. ಅಪ್ಪ ತೆಂಗಿನ ತೋಟದ ದುಡ್ಡಿನಲ್ಲಿ ಫೀಸು ಕಟ್ಟುತ್ತಿದ್ದಾರೆ. ಫಿಸಿಕ್ಸ್‌ಗೆ ಬೇಕಾದ ತಲೆ ನನಗೆ ಇಲ್ವಾ? ಬಿಡಲಾ, ಮುಂದುವರಿಸಲಾ?

ಉತ್ತರ:

ನಿಮ್ಮ ದೊಡ್ಡ ಪ್ರಶ್ನೆ ಪತ್ರದ ಕೊನೆಯಲ್ಲಿದೆ. ಆದರೆ ನಾನು ಮೂರು ಸಲ ಓದಿದ್ದು ಮಧ್ಯದಲ್ಲಿರುವ ಪೆಂಡುಲಮ್ ಸಾಲನ್ನು. 26 ವರ್ಷದಿಂದ ಬೆಂಗಳೂರಿನ ಡಿಗ್ರಿ ಕಾಲೇಜುಗಳಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಲ್ಯಾಬ್‌ನಲ್ಲಿ ನಿಂತು ಸಾವಿರಾರು ರೆಕಾರ್ಡ್‌ಗಳಿಗೆ ಸಹಿ ಹಾಕಿದ್ದೇನೆ. ಅಳಿಸಿ ಬರೆದ 9.8 ನೋಡಿದ ಕೂಡಲೇ ಗೊತ್ತಾಗುತ್ತದೆ, ಕಾಗದ ಅಲ್ಲಿ ಸ್ವಲ್ಪ ತೆಳುವಾಗಿರುತ್ತದೆ. ಅಲ್ಲಿಂದಲೇ ಶುರು ಮಾಡೋಣ, ನಿಮ್ಮ ಉತ್ತರದ ಅರ್ಧ ಅದರಲ್ಲೇ ಇದೆ.

ನಿಮ್ಮ 9.77 ತಪ್ಪಲ್ಲ. ಜಿ ಅಂದರೆ ಕೈಬಿಟ್ಟ ವಸ್ತು ಕೆಳಗೆ ಬೀಳುವಾಗ ಅದರ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವ ಸಂಖ್ಯೆ, ಬೆಂಗಳೂರಿನಲ್ಲಿ ಅದರ ಬೆಲೆ ಇರುವುದೇ ಸುಮಾರು 9.78. ಭೂಮಿ ತಿರುಗುತ್ತಿದೆ, ಅದರ ನಡುಭಾಗ ಸ್ವಲ್ಪ ಉಬ್ಬಿದೆ. ಅದಕ್ಕೆ ಧ್ರುವಗಳಲ್ಲಿ 9.83 ಇರುವ ಜಿ, ಸಮಭಾಜಕದ ಹತ್ತಿರ ಬಂದಾಗ 9.78ಕ್ಕೆ ಇಳಿದಿರುತ್ತದೆ. ನಾವಿರುವುದು ಸಮಭಾಜಕದಿಂದ ಬರೀ 13 ಡಿಗ್ರಿ ಉತ್ತರಕ್ಕೆ. ಜೊತೆಗೆ ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೇವೆ, ಅದರಿಂದ ಇನ್ನೂ ಒಂಚೂರು ಕಡಿಮೆ. ಪುಸ್ತಕದ 9.8 ಎಲ್ಲ ಊರಿಗೂ ಸೇರಿಸಿ ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಇಟ್ಟುಕೊಂಡ ಸಂಖ್ಯೆ.

ಹಾಗಂತ ನಿಮ್ಮದು ಸರಿ, ಪಕ್ಕದವರದ್ದೆಲ್ಲ ತಪ್ಪು ಅಂತಲೂ ಈಗಲೇ ಹೇಳಲಾಗದು. ಒಂದು ಮೀಟರ್ ದಾರ, 20 ಆಂದೋಲನ, ಸ್ಟಾಪ್‌ವಾಚ್. ಹೀಗೇ ಮಾಡಿರುತ್ತೀರಿ. 20 ಆಂದೋಲನಕ್ಕೆ ಹತ್ತಿರ ಹತ್ತಿರ 40 ಸೆಕೆಂಡ್ ಹಿಡಿಯುತ್ತದೆ. ಜಿ 9.78 ಇದ್ದರೆ 40.18, 9.80 ಇದ್ದರೆ 40.14. ವ್ಯತ್ಯಾಸ ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಬೆರಳು ಬಟನ್ ಒತ್ತುವುದರಲ್ಲೇ ಹತ್ತರಲ್ಲಿ ಒಂದು ಭಾಗ ಆಚೀಚೆ ಆಗುತ್ತದೆ. ಆ ಒಂದು ಭಾಗ ನಿಮ್ಮ ಜಿ ಬೆಲೆಯನ್ನು 0.05ರಷ್ಟು ಅಲ್ಲಾಡಿಸುತ್ತದೆ. ಅಂದರೆ ನಿಮ್ಮ ರೆಕಾರ್ಡ್‌ನಲ್ಲಿ ಇರಬೇಕಾಗಿದ್ದು 9.77 ± 0.05. ಅದರೊಳಗೆ 9.78 ಕೂಡ ಇದೆ, 9.80 ಕೂಡ ಇದೆ. ಇಂಥ ಪ್ರಯೋಗದಲ್ಲಿ ಇಡೀ ಬ್ಯಾಚ್‌ಗೆ ಒಂದೇ ಸಮ 9.8 ಬಂದಿದೆ ಅಂದರೆ ನನಗೆ ಅನುಮಾನ ಬರುವುದು ಆ ಬ್ಯಾಚ್ ಮೇಲೆ, ನಿಮ್ಮ ಮೇಲಲ್ಲ.

ಅಳಿಸಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲೂ ರೀಡಿಂಗ್ ಸರಿಹೊಂದಿಸಿಕೊಂಡು ಬಾ ಅಂತ ವಾಪಸ್ ಕಳಿಸುತ್ತಿದ್ದರು. ಎರಡು ವರ್ಷ ನಾನೂ ಹೊಂದಿಸಿಯೇ ಬರೆದೆ. ಹಾಗೆ ಮಾಡುವಾಗ ಹೋಗುವುದು ಮಾರ್ಕ್ಸ್ ಅಲ್ಲ, ನಮ್ಮ ಕಣ್ಣು ನೋಡಿದ್ದರ ಮೇಲಿನ ನಂಬಿಕೆ. ಅದು ಒಂದು ಸಲ ಹೋದರೆ ಆಮೇಲೆ ಡೆರಿವೇಷನ್ ಅರ್ಥವಾಗದಿದ್ದರೂ, ಮಾರ್ಕ್ಸ್ ಕಡಿಮೆ ಬಂದರೂ, ಎಲ್ಲದಕ್ಕೂ ನನ್ನದೇ ತಪ್ಪು, ನನಗೇ ತಲೆ ಇಲ್ಲ ಅನ್ನಿಸತೊಡಗುತ್ತದೆ. ನಿಮಗೆ ಆಗಿರುವುದು ಅದೇ ಅಂತ ನನಗನ್ನಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅದರಲ್ಲಿ ಮೂರು ಭಯ ಒಂದಕ್ಕೊಂದು ಸಿಕ್ಕಿಕೊಂಡಿವೆ: ತಲೆ ಇಲ್ಲ, ಇಂಗ್ಲಿಷ್ ಇಲ್ಲ, ಕೆಲಸ ಸಿಗಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ.

ತಲೆಯ ವಿಷಯ ಮೊದಲು. ಪಿಯುಸಿಯಲ್ಲಿ 88 ತೆಗೆದವರು ಆರು ತಿಂಗಳಲ್ಲಿ ದಡ್ಡರಾಗಲು ಸಾಧ್ಯವಿಲ್ಲ, ಅಲ್ವಾ? ಬದಲಾಗಿದ್ದು ಓದಿನ ರೀತಿ. ಪಿಯುಸಿಯಲ್ಲಿ, ಅದರಲ್ಲೂ ಸಿಇಟಿ ತಯಾರಿಯಲ್ಲಿ, ಸೂತ್ರ ಗೊತ್ತಿರಬೇಕು, ಸಂಖ್ಯೆ ಹಾಕಬೇಕು, ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಪೆಂಡುಲಮ್ ಅಂದರೆ ಟಿ ಈಕ್ವಲ್ ಟು 2 ಪೈ ರೂಟ್ ಎಲ್ ಬೈ ಜಿ (ಟಿ ಒಂದು ಆಂದೋಲನದ ಸಮಯ, ಎಲ್ ದಾರದ ಉದ್ದ), ಮುಗಿಯಿತು. ಡಿಗ್ರಿಯಲ್ಲಿ ಮೇಷ್ಟ್ರು ಕೇಳುವುದು ಆ 2 ಪೈ ಎಲ್ಲಿಂದ ಬಂತು ಅಂತ. ದಾರದ ತುದಿಯ ಗೋಲಿ ತೂಗಾಡುವುದಕ್ಕೂ ವೃತ್ತದ ಪೈಗೂ ಏನು ಸಂಬಂಧ? ಪಿಯುಸಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ 88 ಬಂದಿತ್ತು.

ಉತ್ತರ ನೋಡಿ, ಇದನ್ನು ಒಮ್ಮೆ ನಿಧಾನವಾಗಿ ಓದಿ. ಗೋಲಿಯನ್ನು ಪಕ್ಕಕ್ಕೆ ಎಳೆದರೆ ಅದನ್ನು ವಾಪಸ್ ಎಳೆಯುವ ಬಲ ಕೋನದ ಸೈನ್‌ಗೆ ತಕ್ಕಂತೆ ಇರುತ್ತದೆ. ಕೋನ ಚಿಕ್ಕದಿದ್ದರೆ ಸೈನ್ ಬದಲು ಕೋನವನ್ನೇ ಇಟ್ಟುಕೊಳ್ಳಬಹುದು. 5 ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದರೆ 0.0873, ಅದರ ಸೈನ್ 0.0872, ಯಾರಿಗೂ ನಷ್ಟವಿಲ್ಲ. 30 ಡಿಗ್ರಿಗೆ ಹೋದರೆ 0.5236, ಸೈನ್ 0.5, ಅಲ್ಲಿ ಸಡಿಲವಾಗುತ್ತದೆ. ಲ್ಯಾಬ್‌ನಲ್ಲಿ ಸಣ್ಣ ಕೋನಕ್ಕೆ ತೂಗಬಿಡಿ ಅನ್ನುವುದು ಇದಕ್ಕೇ. 30 ಡಿಗ್ರಿಗೆ ಬಿಟ್ಟರೆ ಒಂದು ಆಂದೋಲನದ ಸಮಯ ಸುಮಾರು 1.7 ಪರ್ಸೆಂಟ್ ಜಾಸ್ತಿಯಾಗುತ್ತದೆ, ನಿಮ್ಮ ಜಿ 9.45ರ ಹತ್ತಿರ ಬಂದು ನಿಲ್ಲುತ್ತದೆ. ಸರಿ, ಸೈನ್ ಜಾಗದಲ್ಲಿ ಕೋನ ಇಟ್ಟ ಮೇಲೆ ಸಿಗುವ ಸಮೀಕರಣ ಒಂದೇ ಮಾತು ಕೇಳುತ್ತದೆ: ಎರಡು ಸಲ ಡಿಫರೆನ್ಷಿಯೇಟ್ ಮಾಡಿದರೆ, ಅಂದರೆ ಬದಲಾಗುವ ದರವನ್ನು ಎರಡು ಸಲ ತೆಗೆದರೆ, ಮೈನಸ್ ಹೊತ್ತುಕೊಂಡು ತಾನೇ ವಾಪಸ್ ಬರುವ ಫಂಕ್ಷನ್ ಯಾವುದು? ಸೈನ್, ಕಾಸ್. ಅವು ಒಂದು ಸುತ್ತು ಮುಗಿಸಲು 2 ಪೈ ದಾಟಬೇಕು. ಪೆಂಡುಲಮ್‌ಗೆ 2 ಪೈ ಬಂದಿದ್ದು ಅಲ್ಲಿಂದ.

ಇದನ್ನು ಓದುವಾಗ ಎಲ್ಲಿ ತಡವರಿಸಿದಿರಿ ಅಂತ ನೋಡಿಕೊಳ್ಳಿ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಮಕ್ಕಳು ತಡವರಿಸುವುದು ಡಿಫರೆನ್ಷಿಯೇಟ್ ಅನ್ನುವ ಜಾಗದಲ್ಲಿ. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಸೋಲುವವರು ಫಿಸಿಕ್ಸ್‌ನಲ್ಲಿ ಸೋತಿರುವುದಿಲ್ಲ, ಕ್ಯಾಲ್ಕ್ಯುಲಸ್‌ನಲ್ಲಿ ಸೋತಿರುತ್ತಾರೆ. ಮೊಮೆಂಟ್ ಆಫ್ ಇನರ್ಷಿಯಾ ಅಂದರೆ ಇಂಟಿಗ್ರೇಷನ್. ಆಂದೋಲನ ಅಂದರೆ ಡಿಫರೆನ್ಷಿಯಲ್ ಈಕ್ವೇಷನ್. ಬೋರ್ಡ್ ಮೇಲೆ ಹತ್ತು ಸಾಲು ಹೋಗುವಾಗ ನಾಲ್ಕನೇ ಸಾಲಿನ ಗಣಿತ ಕೈತಪ್ಪಿದರೆ ಉಳಿದ ಆರು ಸಾಲು ಬರೀ ನಕಲು. ನಿಮಗೆ ಬ್ಯಾಕ್‌ಲಾಗ್ ಬಂದಿರುವುದೂ ಮ್ಯಾಥ್ಸ್‌ನಲ್ಲೇ. ಎರಡೂ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೀರಿ, ಅವು ಒಂದೇ.

ಇದು ಸರಿಹೋಗುವ ತೊಂದರೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ವರ್ಷ ವರ್ಷ ಕಣ್ಣೆದುರು ಸರಿಹೋಗಿದ್ದನ್ನು ನೋಡಿದ್ದೇನೆ. ಆದರೆ ತಾನಾಗಿ ಸರಿಹೋಗುವುದಿಲ್ಲ. ಎರಡನೇ ಸೆಮಿಸ್ಟರ್ ಪಾಠದ ಹಿಂದೆ ಓಡುತ್ತಾ ಹಳೇ ಗಣಿತ ಹೇಗೋ ಬಂದುಬಿಡುತ್ತದೆ ಅಂದುಕೊಂಡವರು ಎರಡನೇ ವರ್ಷದ ವಿದ್ಯುತ್ಕಾಂತತೆಯಲ್ಲಿ ಇನ್ನೂ ಜೋರಾಗಿ ಬೀಳುತ್ತಾರೆ. ಅದನ್ನೂ ನೋಡಿದ್ದೇನೆ.

ಇಂಗ್ಲಿಷ್ ವಿಷಯ. ಕನ್ನಡ ಮೀಡಿಯಂನಿಂದ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಹಿಂದೆ ಬೀಳುವುದು ನಿಜ. ಅದನ್ನು ಅಲ್ಲಗಳೆದರೆ ನಿಮಗೆ ಮೋಸ ಮಾಡಿದಂತೆ. ಪಾಠ ಕೇಳುವಾಗ ಪದ ಹಿಡಿಯುವುದರಲ್ಲೇ ಅರ್ಧ ಗಮನ ಹೋಗುತ್ತದೆ. ಆದರೆ ಫಿಸಿಕ್ಸ್‌ನ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದೇ ಕೆಲವು ನೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಪಿಯುಸಿ ಎರಡು ವರ್ಷದಲ್ಲಿ ಅರ್ಧ ಆಗಲೇ ನಿಮಗೆ ಬಂದಿದೆ.

ಕನ್ನಡದಲ್ಲಿ ಕಲಿತಿದ್ದು ನಿಮ್ಮ ಹತ್ತಿರ ಇರುವ ಆಸ್ತಿ, ಅದನ್ನು ಬಚ್ಚಿಡಬೇಡಿ. ಹೈಸ್ಕೂಲಿನಲ್ಲಿ ನೀವು ಜವ, ವೇಗ ಅಂತ ಎರಡು ಪದ ಕಲಿತಿದ್ದೀರಿ. ಜವ ಅಂದರೆ ಎಷ್ಟು ಜೋರು ಅಂತ ಮಾತ್ರ, ವೇಗ ಅಂದರೆ ಯಾವ ಕಡೆಗೆ ಅನ್ನುವುದೂ ಸೇರಿ. ಬಿಎಂಟಿಸಿ ಬಸ್ಸು ಒಂದೇ ಜವದಲ್ಲಿ ತಿರುವು ತೆಗೆದುಕೊಳ್ಳುವಾಗ ನಿಂತವರೆಲ್ಲ ಪಕ್ಕಕ್ಕೆ ವಾಲುತ್ತಾರಲ್ಲ, ಸ್ಪೀಡೋಮೀಟರ್ ಮುಳ್ಳು ಅಲ್ಲಾಡಿಲ್ಲ, ಆದರೂ ವೇಗ ಬದಲಾಗಿದೆ, ಅದಕ್ಕೇ ಬಲ ಬೇಕಾಯಿತು. ಇಂಗ್ಲಿಷ್ ಮೀಡಿಯಂ ಮಕ್ಕಳೂ ಸ್ಪೀಡ್, ವೆಲಾಸಿಟಿ ಎರಡನ್ನೂ ಕಲಸಿಬಿಡುತ್ತಾರೆ, ಪ್ರತಿ ವರ್ಷ ನೋಡುತ್ತೇನೆ. ನೀವು ಕನ್ನಡದಲ್ಲಿ ಯೋಚನೆ ಮಾಡಿ, ಇಂಗ್ಲಿಷ್‌ನಲ್ಲಿ ಬರೆಯಿರಿ. ನೋಟ್‌ಬುಕ್ ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ನಾನೂ ಹಾಗೇ ಓದಿದವನು.

ಈ ಊರಿನಲ್ಲಿ ಫಿಸಿಕ್ಸ್ ಅಂದ ಕೂಡಲೇ ನೆನಪಾಗುವವರು ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಮನೆಯ ಹುಡುಗ, ಓದಲು ಬೆಂಗಳೂರಿಗೆ ನಡೆದೇ ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿ, ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮುಗಿಸಿ, ಮತ್ತೆ ಇಲ್ಲಿಗೇ ಬಂದರು. ಅವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ನಾನು ವಿದ್ಯಾರ್ಥಿಯಾಗಿದ್ದಾಗ ಹೋಗಿ ಕೂರುತ್ತಿದ್ದೆ. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಆ ಹಾಲ್‌ನಲ್ಲಿ ಕೂತಾಗ ಈ ವಿಷಯ ನನ್ನದೂ ಹೌದು ಅನ್ನಿಸುತ್ತಿತ್ತು.

ಇನ್ನು ಕೆಲಸ. ನಿಮ್ಮ ಮಾವ ಹೇಳುವುದರಲ್ಲಿ ಒಂದು ಮಾತು ಸರಿ ಇದೆ. ಬರೀ ಮೂರು ವರ್ಷದ ಬಿಎಸ್ಸಿ ಇಟ್ಟುಕೊಂಡು ಹೊರಗೆ ಬಂದರೆ ಫಿಸಿಸಿಸ್ಟ್ ಅನ್ನುವ ಕೆಲಸ ಯಾರೂ ಕೊಡುವುದಿಲ್ಲ. ಇದನ್ನು ಅಡ್ಮಿಷನ್ ದಿನವೇ ಕಾಲೇಜುಗಳು ಹೇಳಬೇಕು, ಹೇಳುವುದಿಲ್ಲ. ಇದೇ ವಿಷಯದಲ್ಲಿ ಮುಂದೆ ಹೋಗಬೇಕು ಅಂದರೆ ಎಂಎಸ್ಸಿ ಬೇಕೇ ಬೇಕು, ಸಂಶೋಧನೆಗೆ ಪಿಎಚ್‌ಡಿ ಬೇಕು. ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಮೂರು ಪ್ಲಸ್ ಎರಡು, ಐದು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ಆ ಐದು ವರ್ಷ ಮನೆಗೆ ನಿಮ್ಮಿಂದ ದುಡ್ಡು ಬರುವುದಿಲ್ಲ. ಅಪ್ಪನ ಹತ್ತಿರ ಇದನ್ನು ಮುಚ್ಚಿಡದೆ ಮಾತಾಡಿ. ತೆಂಗಿಗೆ ಒಂದು ವರ್ಷ ರೇಟ್ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ, ನಿಮಗೇ ಗೊತ್ತು. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೀರಾ ನೋಡಿಕೊಳ್ಳಿ. ತಾರೀಖು ದಾಟಿಸಿಕೊಂಡು ಬಂದು ಅಳುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ.

ಆದರೆ ಬಿಎಸ್ಸಿ ಫಿಸಿಕ್ಸ್‌ನಿಂದ ಬಾಗಿಲೇ ಇಲ್ಲ ಅನ್ನುವುದು ಸುಳ್ಳು. ನನ್ನ ಹಳೇ ವಿದ್ಯಾರ್ಥಿಗಳು ಎಲ್ಲೆಲ್ಲಿ ಇದ್ದಾರೆ ಅಂತ ನೆನಪು ಮಾಡಿಕೊಂಡರೆ, ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾದವರು, ಎಂಎಸ್ಸಿ ಬಿಎಡ್ ಮಾಡಿ ಪಿಯು ಲೆಕ್ಚರರ್ ಆದವರು, ಎಂಸಿಎ ಮಾಡಿ ನಿಮ್ಮ ಮಾವನ ಹಾಗೆ ಸಾಫ್ಟ್‌ವೇರ್‌ಗೆ ಹೋದವರು, ಬ್ಯಾಂಕ್ ಪರೀಕ್ಷೆ ಬರೆದವರು, ಹವಾಮಾನ ಇಲಾಖೆಯಲ್ಲಿ ಸೈಂಟಿಫಿಕ್ ಅಸಿಸ್ಟೆಂಟ್ ಆದವರು, ಎಂಎಸ್ಸಿ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಡೋಸ್ ಲೆಕ್ಕ ಹಾಕುವವರು, ಎಲ್ಲರೂ ಇದ್ದಾರೆ. ಈ ಕೊನೆಯ ಕೆಲಸ ನಮ್ಮ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ರೇಡಿಯೇಷನ್ ಥೆರಪಿಯಲ್ಲಿ ಎಷ್ಟು ಕಿರಣ, ಯಾವ ಕೋನದಿಂದ, ಅಕ್ಕಪಕ್ಕದ ಅಂಗಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್. ಅವರಿಲ್ಲದೆ ಡಾಕ್ಟರ್ ಮುಂದೆ ಹೋಗುವ ಹಾಗಿಲ್ಲ.

ಇಸ್ರೋ ಬಗ್ಗೆ ನೇರವಾಗಿ ಹೇಳುತ್ತೇನೆ. ಇಸ್ರೋ ಸೈಂಟಿಸ್ಟ್-ಎಂಜಿನಿಯರ್ ಹುದ್ದೆಗಳಲ್ಲಿ ಹೆಚ್ಚಿನವು ಬಿಇ, ಬಿಟೆಕ್ ಮಾಡಿದವರಿಗೆ. ಫಿಸಿಕ್ಸ್ ಎಂಎಸ್ಸಿಗೆ ಕೆಲವು ಇರುತ್ತವೆ, ಬಿಎಸ್ಸಿ ಫಸ್ಟ್ ಕ್ಲಾಸ್‌ಗೆ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗಳನ್ನು ಆಗಾಗ ಕರೆಯುತ್ತಾರೆ. ರಾಕೆಟ್ ಕಟ್ಟುವುದೇ ನಿಮ್ಮ ಆಸೆಯಾಗಿದ್ದರೆ ನೀವು ಹಿಡಿದಿರುವ ದಾರಿ ಸುತ್ತುಬಳಸಿನದು. ಆದರೆ ಆ ರಾಕೆಟ್ ಮೇಲೆ ಕೂತು ಹೋಗುವ ಉಪಕರಣ ಏನನ್ನು ನೋಡಬೇಕು, ಹೇಗೆ ನೋಡಬೇಕು ಅನ್ನುವುದು ಫಿಸಿಕ್ಸ್‌ನವರ ಕೆಲಸ. ಸೂರ್ಯನನ್ನು ನೋಡಲು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1ರ ದೊಡ್ಡ ಉಪಕರಣವನ್ನು ಕಟ್ಟಿದ್ದು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ತನ್ನ ಹೊಸಕೋಟೆ ಕ್ಯಾಂಪಸ್ಸಿನಲ್ಲಿ. 2024ರ ಜನವರಿ 1ರಂದು ಹೋದ, ಎಕ್ಸ್-ರೇ ನೋಡುವ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ಸದಾಶಿವನಗರದ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾಯಿತು. ಅದೇ ಹೊಸಕೋಟೆಯಲ್ಲಿ ಕೂತು ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಡೆಸುತ್ತಾರೆ. ಇವೆಲ್ಲ ನಿಮ್ಮ ಪಿಜಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿವೆ. ಬೆಂಗಳೂರಿನಲ್ಲಿ ಓದುವುದರ ದೊಡ್ಡ ಲಾಭ ಇದು, ಇಲ್ಲಿನ ಬಾಡಿಗೆ ಟ್ರಾಫಿಕ್ ಎಲ್ಲ ಸಹಿಸಿಕೊಂಡಿದ್ದಕ್ಕೆ ಸಿಗಬೇಕಾದ್ದು.

ಈಗ ದಾರಿಗಳು.

ಈಗಲೇ ಬಿಟ್ಟು ಬಿಸಿಎ ಸೇರುವುದು. ಕೋಡಿಂಗ್ ಮಾಡಿ ನೋಡಿದ್ದೀರಾ? ಖುಷಿ ಕೊಟ್ಟಿದೆಯಾ? ಹಾಗಿದ್ದರೆ ಬಿಸಿಎ ಒಳ್ಳೆಯ ಓದು, ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ಕಂಪ್ಯೂಟರ್ ಬಗ್ಗೆ ಒಂದು ಸಾಲೂ ಇಲ್ಲ, ಫಿಸಿಕ್ಸ್ ಬಗ್ಗೆ ಮಾತ್ರ ಇದೆ. ಹೆದರಿ ಓಡಿಹೋಗಿ ಸೇರಿದ ಕೋರ್ಸ್‌ನಲ್ಲಿ ಎರಡನೇ ಸಲ ಕಷ್ಟ ಬಂದಾಗ ಓಡಲು ಜಾಗ ಇರುವುದಿಲ್ಲ. ಬಿಸಿಎ ಮಾಡಿದ ಕೂಡಲೇ ಕೆಲಸ ಗ್ಯಾರಂಟಿ ಅನ್ನುವುದೂ ಇಲ್ಲ, ಸಾಫ್ಟ್‌ವೇರ್‌ನಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಇನ್ನೊಂದು ಸಣ್ಣ ಲೆಕ್ಕ: ಬಿಸಿಎ ಅಡ್ಮಿಷನ್ ಹೇಗೂ ಮುಂದಿನ ವರ್ಷದ ಪಿಯುಸಿ ರಿಸಲ್ಟ್ ಬಂದ ಮೇಲೆ. ಈಗ ಬಿಟ್ಟರೂ ಆಗಲೇ ಸೇರಬೇಕು. ಹಾಗಾಗಿ ಎರಡನೇ ಸೆಮಿಸ್ಟರ್ ಪೂರ್ತಿ ಮಾಡಿ ಆಮೇಲೆ ಬಿಟ್ಟರೆ ನಿಮಗೆ ಒಂದು ದಿನವೂ ಹೆಚ್ಚು ನಷ್ಟವಾಗುವುದಿಲ್ಲ. ಅವಸರ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೆ.

ಫಿಸಿಕ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್‌ಗೆ ಬದಲಾಯಿಸುವುದು ಇನ್ನೊಂದು ದಾರಿ. ಕಾಲೇಜು ಬಿಡುತ್ತದೋ ಇಲ್ಲವೋ ಆಫೀಸ್‌ನಲ್ಲಿ ಕೇಳಿ. ಮ್ಯಾಥ್ಸ್ ಬಿಡಬೇಕಾಗುತ್ತದೆ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. ಮ್ಯಾಥ್ಸ್ ಬಿಟ್ಟ ದಿನ ಎಂಎಸ್ಸಿ ಫಿಸಿಕ್ಸ್ ಬಾಗಿಲು ಬಹುಪಾಲು ಮುಚ್ಚಿದಂತೆ.

ಬಿಎಸ್ಸಿ ಮುಗಿಸಿ ಎಂಸಿಎಗೋ ಬಿಎಡ್‌ಗೋ ಸರ್ಕಾರಿ ಪರೀಕ್ಷೆಗೋ ಹೋಗುವುದು ಮೂರನೆಯದು. ಇದರಲ್ಲಿ ಅಪಾಯ ಕಡಿಮೆ. ಆದರೆ ಹೇಗೂ ಬೇರೆ ಕಡೆ ಹೋಗುತ್ತೇನಲ್ಲ ಅಂತ ಮೂರು ವರ್ಷ ಬರೀ ಪಾಸಾಗಲು ಓದುವ ಅಭ್ಯಾಸ ಬಂದುಬಿಡುತ್ತದೆ. ಅದನ್ನು ಗಮನಿಸಿಕೊಳ್ಳಿ.

ನಾಲ್ಕನೆಯದು, ಫಿಸಿಕ್ಸ್‌ನಲ್ಲೇ ಮುಂದೆ ಹೋಗುವುದು. ಮೂರನೇ ವರ್ಷದಲ್ಲಿ ಜಾಮ್ ಪರೀಕ್ಷೆ ಬರೆಯಬೇಕು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಐಐಟಿಗಳ ಎಂಎಸ್ಸಿಗೆ ಅದೇ ದಾರಿ. ನಮ್ಮ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಅದರಿಂದ ಹೋಗಬಹುದು, ಅಲ್ಲಿ ಓದುತ್ತಲೇ ಫೆಲೋಶಿಪ್ ಸಿಗುತ್ತದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಮೊದಲ ಸಲ ಸಿಗದೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಎಂಎಸ್ಸಿ ಮಾಡಿ ಆಮೇಲೆ ಪಿಎಚ್‌ಡಿಗೆ ಹೋದವರೂ ಇದ್ದಾರೆ, ಕೈಬಿಟ್ಟವರೂ ಇದ್ದಾರೆ. ಎರಡನೇ ವರ್ಷದ ಹೊತ್ತಿಗೆ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಬೇಸಿಗೆ ಫೆಲೋಶಿಪ್‌ಗೆ, ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್‌ನ ಬೇಸಿಗೆ ಕಾರ್ಯಕ್ರಮಕ್ಕೆ ಅರ್ಜಿ ಹಾಕಿ. ಟಿ. ಚೌಡಯ್ಯ ರಸ್ತೆಯ ಪ್ಲಾನಿಟೇರಿಯಂನಲ್ಲಿ ಬಿಎಸ್ಸಿ ಮಕ್ಕಳಿಗೆ ಅಂತಲೇ ರೀಪ್ ಅನ್ನುವ ತರಗತಿಗಳನ್ನು ನಡೆಸಿಕೊಂಡು ಬಂದಿದ್ದಾರೆ, ಒಮ್ಮೆ ಹೋಗಿ ವಿಚಾರಿಸಿ. ಕಾಲೇಜಿನಲ್ಲಿ ಒಂಟಿ ಅನ್ನಿಸುವವರಿಗೆ ಅಲ್ಲಿ ಜೊತೆ ಸಿಗುತ್ತದೆ.

ನನ್ನನ್ನು ಕೇಳಿದರೆ, ಈ ಸೆಮಿಸ್ಟರ್ ಮುಗಿಯುವವರೆಗೆ ಯಾವ ನಿರ್ಧಾರವೂ ಬೇಡ. ಒಂದು ಸೆಮಿಸ್ಟರ್ ರಿಸಲ್ಟ್ ಅಂದರೆ ಒಂದೇ ಒಂದು ರೀಡಿಂಗ್. ಅದೂ ಹೊಸ ಊರು, ಹೊಸ ಭಾಷೆ, ಪಿಜಿ ಊಟ, ಎಲ್ಲದರ ನಡುವೆ ತೆಗೆದ ರೀಡಿಂಗ್. ಒಂದು ರೀಡಿಂಗ್‌ನಿಂದ ಲ್ಯಾಬ್‌ನಲ್ಲಿ ನಾವು ಏನನ್ನೂ ತೀರ್ಮಾನ ಮಾಡುವುದಿಲ್ಲ.

ಮೊದಲು ಮ್ಯಾಥ್ಸ್ ಉತ್ತರ ಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ. ರೀವ್ಯಾಲ್ಯುಯೇಷನ್‌ಗಾಗಿ ಮಾತ್ರ ಅಲ್ಲ, ಎಲ್ಲಿ ಕೈತಪ್ಪಿತು ಅಂತ ನೀವೇ ನೋಡಲು. ಆಮೇಲೆ ಪಿಯುಸಿ ಗಣಿತ ಪುಸ್ತಕ ತೆಗೆಯಿರಿ. ಹೌದು, ಪಿಯುಸಿಯದ್ದೇ. ತ್ರಿಕೋನಮಿತಿ, ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ವೆಕ್ಟರ್, ಈ ನಾಲ್ಕು ಪಾಠ. ದಿನಕ್ಕೆ ಒಂದು ಗಂಟೆ, ಹತ್ತು ಲೆಕ್ಕ, ಉತ್ತರ ನೋಡದೆ. ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಪಿಜಿಯಲ್ಲಿ ಗಲಾಟೆಯಾದರೆ ಭಾನುವಾರ ಕಬ್ಬನ್ ಪಾರ್ಕ್‌ನ ಲೈಬ್ರರಿಗೆ ಹೋಗಿ ಕೂರಿ.

ಕ್ಲಾಸಿನಲ್ಲಿ ಬರೆದುಕೊಂಡ ಡೆರಿವೇಷನ್ ವಿಷಯದಲ್ಲಿ ಒಂದೇ ಕೆಲಸ ಮಾಡಿ. ಅದೇ ದಿನ ಸಂಜೆ ನೋಟ್‌ಬುಕ್ ಮುಚ್ಚಿ, ಖಾಲಿ ಹಾಳೆ ಮೇಲೆ ಮೊದಲಿನಿಂದ ಬರೆಯಿರಿ. ಎಲ್ಲಿ ನಿಂತಿರೋ ಅಲ್ಲಿ ಗೆರೆ ಎಳೆಯಿರಿ. ಮರುದಿನ ಮೇಷ್ಟ್ರ ಹತ್ತಿರ ಆ ಗೆರೆ ತೋರಿಸಿ ಕೇಳಿ. ಸರ್ ಏನೂ ಅರ್ಥವಾಗಲಿಲ್ಲ ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುವುದಿಲ್ಲ. ಇದು ಐದನೇ ಸಾಲು, ಇಲ್ಲಿ ಮೈನಸ್ ಯಾಕೆ ಬಂತು ಅಂದರೆ ಎರಡು ನಿಮಿಷದಲ್ಲಿ ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಇಂಥ ಪ್ರಶ್ನೆಗೆ ಕಾಯುತ್ತಾ ಕೂತಿರುತ್ತೇವೆ, ನಿಜವಾಗಿ.

ಸೆಮಿಸ್ಟರ್ ಮುಗಿದಾಗ ಮಾರ್ಕ್ಸ್ ಎಷ್ಟು ಬಂತು ಅನ್ನುವುದರ ಜೊತೆ ಇನ್ನೊಂದನ್ನೂ ನೋಡಿ. ಬಿಡಿಸಲಾಗದ ಲೆಕ್ಕ ಒಂದು ಎರಡು ದಿನ ಮನಸ್ಸಿನಲ್ಲಿ ಸುತ್ತಿ, ಮೂರನೇ ದಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಥಟ್ಟನೆ ಹೊಳೆದು ಖುಷಿಯಾಗಿದ್ದು ಒಂದೆರಡು ಸಲವಾದರೂ ಇದ್ದರೆ ಮುಂದುವರಿಸಿ. ಗಣಿತ ಸರಿಹೋದ ಮೇಲೂ ಪುಸ್ತಕ ತೆಗೆಯುವಾಗ ಬರೀ ಭಾರ ಅನ್ನಿಸಿದರೆ, ಯಾವ ಮುಜುಗರವೂ ಇಲ್ಲದೆ ಬೇರೆ ದಾರಿ ಹಿಡಿಯಿರಿ. ಆಗ ನೀವು ಹೆದರಿ ಬಿಟ್ಟಂತೆ ಆಗುವುದಿಲ್ಲ, ನೋಡಿ ಬಿಟ್ಟಂತೆ ಆಗುತ್ತದೆ. ಅಪ್ಪನಿಗೂ ಅದನ್ನೇ ಹೇಳಿ: ಬೇಸಿಗೆಯವರೆಗೆ ಟೈಮ್ ಕೊಡಿ, ಆಗ ನಾನೇ ಬಂದು ಕೂತು ಹೇಳುತ್ತೇನೆ ಅಂತ. ಬೇಕಿದ್ದರೆ ಮಾವನ ಎದುರೇ ಹೇಳಿ, ಅವರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿರುವುದು.

ಅಷ್ಟರೊಳಗೆ ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಕೇಳಿಕೊಂಡು ಆ ಪೆಂಡುಲಮ್ ಅನ್ನು ಇನ್ನೊಮ್ಮೆ ಕಟ್ಟಿ. ಈ ಸಲ 20 ಬೇಡ, 100 ಆಂದೋಲನ ಎಣಿಸಿ, ಮೂರು ನಿಮಿಷ 20 ಸೆಕೆಂಡ್ ಹಿಡಿಯುತ್ತದೆ. ಕೋನ 3 ಡಿಗ್ರಿ ದಾಟದಿರಲಿ. ದಾರದ ಉದ್ದವನ್ನು ಗೋಲಿಯ ಮಧ್ಯದವರೆಗೆ, ಅರ್ಧ ಮಿಲಿಮೀಟರ್ ಕರಾರುವಾಕ್ಕಾಗಿ ಅಳೆಯಿರಿ. ಐದು ಸಲ ಮಾಡಿ, ಸರಾಸರಿ ತೆಗೆಯಿರಿ. ಇಷ್ಟು ಮಾಡಿದರೆ 9.78ನ್ನೂ 9.80ನ್ನೂ ಬೇರೆ ಮಾಡಿ ನೋಡುವ ಹತ್ತಿರಕ್ಕೆ ಬರುತ್ತೀರಿ. ಬಂದ ಸಂಖ್ಯೆ ಏನೇ ಇರಲಿ, ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ಪ್ಲಸ್ ಆರ್ ಮೈನಸ್ ಎಷ್ಟು ಅಂತ ಹಾಕಿ, ನನಗೂ ಒಂದು ಸಾಲು ಬರೆದು ಕಳಿಸಿ.